ಸಂಕ್ರಾಂತಿವರೆಗೆ ನಿಂತ ಲಾರಿ

ಕಬ್ಬಿಣಕ್ಕೆ ಮಳೆಗಿಂತ ಇಬ್ಬನಿ ಕೆಟ್ಟದ್ದು. ಮಳೆ ಸುರಿದರೆ ಹರಿದು ಹೋಗುತ್ತದೆ, ಆಮೇಲೆ ಬಿಸಿಲು ಬಂದರೆ ಒಣಗುತ್ತದೆ. ಇಬ್ಬನಿ ಹಾಗಲ್ಲ. ಸದ್ದಿಲ್ಲದೆ ಬಂದು ಕೂರುತ್ತದೆ, ಸಂದಿಗೆ ಇಳಿಯುತ್ತದೆ, ಹತ್ತು ಗಂಟೆಯಾದರೂ ಏಳುವುದಿಲ್ಲ. ರಾಜಾನುಕುಂಟೆ ಕಡೆ ಮಾರ್ಗಶಿರದ ಬೆಳಗ್ಗೆ ಎದ್ದು ಹೊರಗೆ ಬಂದವರಿಗೆ ಇದು ಗೊತ್ತು. ನಮ್ಮ ಮನೆಗೆ ಕೆರೆ ದೂರವಿಲ್ಲ. ಆ ಕಡೆಯಿಂದ ಮಂಜು ಎದ್ದು ಬಂದರೆ ಎದುರು ಲೇಔಟಿನ ಮೂರಂತಸ್ತಿನ ಮನೆಗಳೇ ಕಾಣುವುದಿಲ್ಲ, ಮೇಲೆ ವಿಮಾನ ಹೋಗುವ ಸದ್ದು ಮಾತ್ರ ಕೇಳುತ್ತದೆ.

ಇಂಥ ಜಾಗದಲ್ಲಿ ನಮ್ಮ ಹಳೇ ಲಾರಿಯನ್ನು ಬಯಲಲ್ಲಿ ನಿಲ್ಲಿಸಿಕೊಂಡು, ತುಕ್ಕು ಹಿಡಿಯದ ಹಾಗೆ ಒಂದು ಚಳಿಗಾಲ ಕಾಯಬೇಕಾಗಿ ಬಂತು. ಕಾದವಳು ನಾನು. ಕೆಡಿಸಿದವಳೂ ನಾನೇ.

ಲಾರಿ ಆರು ಚಕ್ರದ್ದು, ಮರದ ಬಾಡಿ. ಇಪ್ಪತ್ತಾರು ವರ್ಷ ನನ್ನ ಗಂಡನೇ ಓಡಿಸಿದ. ದೊಡ್ಡಬಳ್ಳಾಪುರದ ಕಡೆಯಿಂದ ಯಶವಂತಪುರದ ಮಂಡಿಗೆ ಆಲೂಗಡ್ಡೆ, ಬರುವಾಗ ಸಿಕ್ಕಿದ್ದು. ಮಧ್ಯೆ ಹುಲ್ಲು, ಇಟ್ಟಿಗೆ, ಕೊಟ್ಟಿಗೆ ಗೊಬ್ಬರ. ಹೋದ ವರ್ಷ ಅವನ ಎಡಗಾಲಿನ ಮಂಡಿ ಕೆಟ್ಟಿತು. ಎಡಗಾಲು ಇಲ್ಲದೆ ಕ್ಲಚ್ಚಿಲ್ಲ, ಕ್ಲಚ್ಚಿಲ್ಲದೆ ಲಾರಿಯಿಲ್ಲ. ಅಲ್ಲಿಗೆ ನಿಂತಿತು. ಮೊದಲು ಅದಕ್ಕೆ ಶೀಟಿನ ಒಂದು ಶೆಡ್ಡಿತ್ತು. ಶೆಡ್ಡಿದ್ದ ಜಾಗ ಲೇಔಟಿನ ರಸ್ತೆಗೆ ಹೋಯಿತು. ಈಗ ಲಾರಿ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ, ತಲೆ ಮೇಲೆ ಆಕಾಶ ಇಟ್ಟುಕೊಂಡು ನಿಂತಿತ್ತು.

ಮಗಳು ಅಳಿಯ ನಮ್ಮ ಮನೆಯ ಮೇಲಿನ ಅಂತಸ್ತಿನಲ್ಲೇ ಇದ್ದಾರೆ. ಮಗಳು ಗುಜರಿಗೆ ಕೊಟ್ಟುಬಿಡಿ ಅಂದಳು. ಗುಜರಿಯವನೂ ಬಂದ. ಲಾರಿಯ ಸುತ್ತ ಒಂದು ಸುತ್ತು ಹೋಗಿ, ಎಲ್ಲಿಂದ ಕತ್ತರಿಸಬೇಕು ಅಂತ ಕೈಯಲ್ಲಿ ಗೀಟು ಎಳೆದು ತನ್ನ ಜೊತೆಯವನಿಗೆ ತೋರಿಸಿದ. ನನ್ನ ಗಂಡ ಊರುಗೋಲು ಎತ್ತಿಕೊಂಡ.

"ನಾನಿರೋಗಂಟ ಇದ್ರ ಮೇಲೆ ಗ್ಯಾಸ್ ಕಟ್ಟರ್ ಇಡಂಗಿಲ್ಲ. ನಡೀ ಆಚೆ!"

ಅವನು ಹೋದ ಮೇಲೆ ನನ್ನ ಗಂಡ ನಾಲ್ಕು ದಿನ ಸರಿಯಾಗಿ ಉಣ್ಣಲಿಲ್ಲ. ಲಾರಿ ತನ್ನ ಚಕ್ರದ ಮೇಲೇ ಮನೆಯಿಂದ ಹೋಗಬೇಕು, ತುಂಡುತುಂಡಾಗಿ ಹೋಗಬಾರದು, ಅಷ್ಟೇ ಅವನ ಆಸೆ. ನನಗೆ ಲಾರಿ ಮೇಲೆ ಪ್ರೀತಿ ಗೀತಿ ಇಲ್ಲ. ಅದು ಕಬ್ಬಿಣ. ಆದರೆ ಅದು ಗುಜರಿಗೆ ಹೋದರೆ ಉಳಿದ ಆಯಸ್ಸೆಲ್ಲ ಇವನ ಮುಖ ನೋಡಿಕೊಂಡು ಕೂರಬೇಕಾದವಳು ನಾನು. ಆ ಮುಖವನ್ನು ಗುಜರಿಯವನು ಬಂದ ವಾರ ನೋಡಿದ್ದೆ. ಅಷ್ಟು ಸಾಕಾಗಿತ್ತು.

ಕಾರ್ತೀಕದ ಕೊನೆಗೆ ಶೆಟ್ಟಿಹಳ್ಳಿಯಿಂದ ಒಬ್ಬ ಬಂದ. ನಲವತ್ತರ ಆಸುಪಾಸು. ಎರಡು ನೀರಿನ ಟ್ಯಾಂಕರ್ ಓಡಿಸುತ್ತಾನೆ, ಮೂರನೆಯದಕ್ಕೆ ಹಳೇ ಲಾರಿ ಹುಡುಕುತ್ತಿದ್ದ. ಮರದ ಬಾಡಿ ಬಿಚ್ಚಿ ಹಾಕಿ, ಆ ಜಾಗದಲ್ಲಿ ನೀರಿನ ಟ್ಯಾಂಕ್ ಕೂರಿಸುತ್ತಾನಂತೆ. ಅವನಿಗೆ ಬೇಕಾದದ್ದು ಇಂಜಿನ್ನು ಮತ್ತು ಚಾಸಿ. ಚಾಸಿ ಅಂದರೆ ಲಾರಿಯ ಬೆನ್ನುಮೂಳೆ. ಉದ್ದಕ್ಕೆ ಎರಡು ಕಬ್ಬಿಣದ ತೊಲೆ, ಅವುಗಳ ನಡುವೆ ಅಡ್ಡಪಟ್ಟಿಗಳು. ಬಂದವನು ಗೋಣಿಚೀಲ ಕೇಳಿ ಹಾಸಿಕೊಂಡು, ಅಂಗಿಗೆ ಮಣ್ಣಾಗುತ್ತದೆ ಅಂತ ನೋಡದೆ ಕೆಳಗೆ ತೂರಿದ. ಅದು ನನಗೆ ಹಿಡಿಸಿತು. ಆಚೆ ಬಂದು, ಮುಂದಿನ ಬಂಪರಿನ ಹಿಂದೆ ಕೈ ಹಾಕಿ ಚಾಸಿಯನ್ನು ಎಮ್ಮೆಯ ಬೆನ್ನು ತಟ್ಟುವ ಹಾಗೆ ತಟ್ಟಿದ.

"ಯಜಮಾನ್ರೇ, ಈ ಕಾಲ್ದಲ್ಲಿ ಇಂಥಾ ಚಾಸಿ ಎಲ್ ಸಿಗುತ್ತೆ ಹೇಳಿ? ಏನ್ ಇಟ್ಕೊಂಡಿದೀರಾ ಗಾಡಿನ!"

ನನ್ನ ಗಂಡನ ಮುಖ ನೋಡಬೇಕಿತ್ತು.

ತೊಂದರೆ ಒಂದೇ. ಟ್ಯಾಂಕ್ ಮಾಡುವವನು ಸಂಕ್ರಾಂತಿ ಕಳೆದ ಮೇಲೇ ಕೊಡುತ್ತೇನೆ ಅಂದಿದ್ದನಂತೆ. "ಅಷ್ಟರಲ್ಲಿ ಧನುರ್ಮಾಸ ಬಂದ್ಬಿಡುತ್ತೆ. ಆ ತಿಂಗಳು ಗಾಡಿ ಗೀಡಿ ಮನೆಗೆ ತರಬೇಡ ಅಂತಾರೆ ನಮ್ಮಮ್ಮ. ಸಂಕ್ರಾಂತಿ ಆದ ಮೂರ್ನೇ ದಿನಕ್ಕೆ ಬರ್ತೀನಿ. ಅಲ್ಲೀವರೆಗೂ ಹಿಂಗೇ ಇರುತ್ತೆ ಅಲ್ವಾ? ನೀರು ತುಂಬಿದ್ರೆ ಭಾರ ನೋಡಿ, ಚಾಸಿ ಕೆಟ್ಟೋದ್ರೆ ನಾನು ತಗೊಳಕ್ಕಾಗಲ್ಲ."

"ಇಂಗೇ ಇರ್ತದೆ," ಅಂದ ನನ್ನ ಗಂಡ. "ಚಾಸಿ ಮೇಲೆ ಒಂದು ಚುಕ್ಕಿ ತುಕ್ಕು ಕಂಡ್ರೆ ನೀನು ಬಿಟ್ಟು ಓಗು. ನಾನು ಮಾತಾಡಲ್ಲ."

ಮಾತು ಕೊಡುವವನು ಇವನು. ಬಗ್ಗಲಾರದ ಮಂಡಿ ಇಟ್ಟುಕೊಂಡು ಮಾತು ಕೊಟ್ಟ. ಕೆಳಗೆ ಮಲಗಿ ಉಜ್ಜಬೇಕಾದವಳು ನಾನು.

ಮಾರನೇ ದಿನವೇ ಶುರುವಾಯಿತು. ಅವನು ಪ್ಲಾಸ್ಟಿಕ್ ಕುರ್ಚಿ ತರಿಸಿಕೊಂಡು ಬಿಸಿಲಿಗೆ ಬೆನ್ನು ಕೊಟ್ಟು ಕೂತ. ನಾನು ಗೋಣಿಚೀಲದ ಮೇಲೆ, ಲಾರಿ ಕೆಳಗೆ. ಮೊದಲ ಕೆಲಸ ಮಣ್ಣು ಕೀಳುವುದು. ಗೊಬ್ಬರ ಹೊತ್ತ ಲಾರಿ ಅದು. ಸಂದಿಸಂದಿಯಲ್ಲಿ ಗೊಬ್ಬರ, ರಾಗಿ ಹೊಟ್ಟು, ಮಣ್ಣು ಸೇರಿ ರೊಟ್ಟಿಯ ಹಾಗೆ ಗಟ್ಟಿಯಾಗಿ ಕೂತಿತ್ತು. ಇಬ್ಬನಿ ಬಿದ್ದರೆ ಇಂಥದ್ದೇ ನೀರು ಹೀರಿಕೊಂಡು ಮಧ್ಯಾಹ್ನದವರೆಗೂ ಕಬ್ಬಿಣವನ್ನು ತೇವವಾಗಿ ಇಡುತ್ತದೆ. ಹಳೇ ಕುಡುಗೋಲಿನ ತುದಿಯಲ್ಲಿ ಅಷ್ಟನ್ನೂ ಕೆರೆದೆ. ಮೂರು ಬುಟ್ಟಿ ಬಂತು, ನುಗ್ಗೆಮರದ ಬುಡಕ್ಕೆ ಸುರಿದೆ. ಬಾಗಿಲುಗಳ ತಳದಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ ಅಂತ ನನ್ನ ಗಂಡ ಹೇಳಿದ. ಅವೂ ಮುಚ್ಚಿಹೋಗಿದ್ದವು. ಹೇರ್‌ಪಿನ್ ಹಾಕಿ ಚುಚ್ಚಿದರೆ ಒಂದು ಬಾಗಿಲಿನಿಂದ ಅರ್ಧ ಚೊಂಬು ಕೆಂಪು ನೀರು ಇಳಿಯಿತು. ಹೋದ ಮಳೆಗಾಲದ್ದು, ಒಳಗೇ ಕೂತಿತ್ತು.

ಲಾರಿ ಹುಲ್ಲಿನ ಮೇಲೆ ನಿಂತಿತ್ತು. ಹುಲ್ಲು ಎಂದರೆ ತೇವ. ಅಳಿಯನ ಕೈಯಲ್ಲಿ ಹತ್ತು ಅಡಿ ಮುಂದಕ್ಕೆ ತರಿಸಿ, ಮನೆ ಕಟ್ಟಿದಾಗ ಉಳಿದಿದ್ದ ಚಪ್ಪಡಿ ಕಲ್ಲುಗಳ ಮೇಲೆ ಹತ್ತಿಸಿದೆವು. ಸುತ್ತ ಹುಲ್ಲು ಕೊಯ್ದು ಹಸುವಿನ ಮುಂದೆ ಹಾಕಿದೆ. ಬ್ಯಾಟರಿ ಬಿಚ್ಚಿ ಮನೆಯೊಳಗೆ ಇಟ್ಟೆವು.

ಆಮೇಲೆ ಎಣ್ಣೆ. ನನ್ನ ತವರಿನಲ್ಲಿ ಸುಗ್ಗಿ ಮುಗಿದ ಮೇಲೆ ಕುಡುಗೋಲು, ನೇಗಿಲಿನ ಗುಳ ಎಲ್ಲವನ್ನೂ ನಮ್ಮವ್ವ ಬೂದಿಯಲ್ಲಿ ಉಜ್ಜಿ, ಒಣಗಿಸಿ, ಹರಳೆಣ್ಣೆ ಸವರಿ ಒಲೆಯ ಮೇಲಿನ ಅಟ್ಟಕ್ಕೆ ಸಿಕ್ಕಿಸುತ್ತಿದ್ದಳು. ಮುಂದಿನ ಮಳೆಗಾಲಕ್ಕೆ ತೆಗೆದರೆ ಇಟ್ಟಂತೆಯೇ ಇರುತ್ತಿದ್ದವು. ಲಾರಿಯನ್ನು ಅಟ್ಟಕ್ಕೆ ಹಾಕಲಾಗುವುದಿಲ್ಲ, ಆದರೆ ಕಬ್ಬಿಣ ಕಬ್ಬಿಣವೇ. ಮೆಕ್ಯಾನಿಕ್ ಶಾಪಿನಿಂದ ಒಂದು ಕ್ಯಾನ್ ಸುಟ್ಟ ಇಂಜಿನ್ ಆಯಿಲ್ ತರಿಸಿ, ಮನೆಯಲ್ಲಿದ್ದ ಹರಳೆಣ್ಣೆಯನ್ನೂ ಅದಕ್ಕೆ ಬೆರೆಸಿದೆ. ಹಳೇ ಸೀರೆಯ ಚಿಂದಿಯನ್ನು ಕೋಲಿಗೆ ಕಟ್ಟಿಕೊಂಡು ಸವರಿದೆ.

"ರಬ್ಬರ್ ಪೈಪಿಗೆ ತಾಗಿಸ್ಬೇಡ. ಊದ್ಕತದೆ."

"ತಾಗ್ಸಿಲ್ಲ."

"ಬ್ರೇಕಿನ ಅತ್ರ ಓಗಲೇಬೇಡ."

"ನೀನೇ ಬಂದು ಬಳಿ ಅಂಗಾರೆ."

"ಮಂಡಿ ಇದ್ದಿದ್ರೆ ನಿನ್ನ ಯಾರು ಕರೀತಿದ್ರು?"

ಮುಂದಿನ ತುದಿಯಲ್ಲಿ, ಬಂಪರಿನ ಹಿಂದೆ, ಬಂದವನು ತಟ್ಟಿದ್ದ ಜಾಗದಲ್ಲಿ ಕಂಪನಿಯವರು ಬಳಿದ ಕಪ್ಪು ಬಣ್ಣ ಇನ್ನೂ ಗಟ್ಟಿಯಾಗಿತ್ತು. ಅಲ್ಲಿ ಎಣ್ಣೆ ಬೇಡ, ಮೆಚ್ಚಿದ್ದ ಜಾಗ ಮೆಚ್ಚಿದ ಹಾಗೇ ಇರಲಿ ಅಂತ ಬಿಟ್ಟೆವು.

ಟಾರ್ಪಾಲಿನ ವಿಚಾರಕ್ಕೆ ದೊಡ್ಡ ಜಗಳವೇ ಆಯಿತು. ಅವನಿಗೆ ಟಾರ್ಪಾಲು ಅಂದರೆ ಲೋಡಿನ ಮೇಲೆ ಹೊದಿಸಿ, ಹಗ್ಗ ಬಿಗಿದು ಕಟ್ಟುವುದು. ಲಾರಿಯನ್ನೂ ಹಾಗೇ ತಲೆಯಿಂದ ಕಾಲಿನವರೆಗೆ ಮುಚ್ಚಿಸಿ, ಅಳಿಯನ ಕೈಯಲ್ಲಿ ಬಿಗಿಸಿದ. ಮೂರನೇ ಬೆಳಗ್ಗೆ ನಾನು ಒಂದು ಮೂಲೆ ಎತ್ತಿ ಒಳಗೆ ಕೈ ಹಾಕಿದೆ. ಕೈ ಒದ್ದೆ. ಟಾರ್ಪಾಲಿನ ಒಳಮೈಗೆಲ್ಲ ಹನಿ ಜೋತುಬಿದ್ದಿತ್ತು, ಕ್ಯಾಬಿನ್ನಿನ ತಗಡು ಬೆವರುತ್ತಿತ್ತು.

"ಇದೇನು ಲಾರಿನಾ, ಇಡ್ಲಿ ಪಾತ್ರೆನಾ?" ಅಂದೆ. "ನೆಲದ ತೇವ ಎಲ್ಲ ಒಳಗೇ ಬೇಯ್ತಾ ಐತೆ."

"ಮುಚ್ಚಲಿಲ್ಲ ಅಂದ್ರೆ ಇಬ್ಬನಿ ಬೀಳ್ತದೆ."

"ಮುಚ್ಚಿದ್ರೆ ಒಳಗಿಂದ ಬೀಳ್ತದೆ."

ಕೊನೆಗೆ ನಾನು ಹೇಳಿದಂತೆ ಆಯಿತು. ಲಾರಿಯ ಎರಡೂ ಕಡೆ ಸರ್ವೆ ಕಂಬ ನೆಟ್ಟು, ಮೇಲೆ ಬಿದಿರು ಕಟ್ಟಿ, ಮದುವೆ ಚಪ್ಪರದ ಹಾಗೆ ಟಾರ್ಪಾಲನ್ನು ಎತ್ತರಕ್ಕೆ ಎಳೆದೆವು. ಇಬ್ಬನಿ ಮೇಲೆ ಬೀಳುತ್ತದೆ, ಪಕ್ಕದಿಂದ ಗಾಳಿ ಆಡುತ್ತದೆ. ಬಿಸಿಲು ಏರಿದ ಮೇಲೆ ಟಾರ್ಪಾಲು ಸರಿಸಿ, ಬಾಗಿಲು ಎರಡೂ ತೆಗೆದು, ಬಾನೆಟ್ ಎತ್ತಿ, ಸೀಟನ್ನು ಹೊರಗಿಟ್ಟು ಒಣಗಿಸುತ್ತಿದ್ದೆ. ಐದು ಗಂಟೆಗೆ ಮತ್ತೆ ಎಲ್ಲ ಒಳಗೆ. ಲೇಔಟಿನಲ್ಲಿ ಬೆಳಗ್ಗೆ ವಾಕಿಂಗ್ ಹೋಗುವ ಹೆಂಗಸೊಬ್ಬಳು ಟೋಪಿ, ಬೂಟು ಹಾಕಿಕೊಂಡು ಬೇಲಿ ಪಕ್ಕ ನಿಲ್ಲುತ್ತಿದ್ದಳು.

"ಏನಜ್ಜಿ, ದಿನಾ ಲಾರಿನ ಸಂಡಿಗೆ ತರ ಒಣಗಿಸ್ತೀರಲ್ಲ?"

"ಸಂಡಿಗೆ ಆದ್ರೆ ನಾಲ್ಕ್ ದಿನಕ್ಕೆ ಮುಗೀತಿತ್ತು ಕಣವ್ವ," ಅಂದೆ.

ಇಷ್ಟೆಲ್ಲ ಸರಿಯಾಗಿ ಮಾಡಿದೆ. ಇನ್ನು ಮಾಡಿದ ತಪ್ಪನ್ನು ಹೇಳಬೇಕು.

ದೃಷ್ಟಿ ಗಿಷ್ಟಿ ನಾನು ನಂಬುವವಳಲ್ಲ. ಇಪ್ಪತ್ತಾರು ವರ್ಷ ನನ್ನ ಗಂಡ ಪ್ರತಿ ಅಮಾವಾಸ್ಯೆಗೆ ಲಾರಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ, ಇಪ್ಪತ್ತಾರು ವರ್ಷವೂ ನಾನು ನಕ್ಕೆ. "ಚಿತ್ರಾನ್ನಕ್ಕಾದ್ರೂ ಆಗ್ತಿತ್ತು" ಅಂತ ಅವನ ಮುಖಕ್ಕೇ ಹೇಳುತ್ತಿದ್ದೆ. ಆದರೆ ಆ ಶೆಟ್ಟಿಹಳ್ಳಿಯವನು ಇಂಥ ಚಾಸಿ ಎಲ್ಲಿ ಸಿಗುತ್ತೆ ಅಂತ ತಟ್ಟಿ ಹೇಳಿದನಲ್ಲ, ಅದು ನನ್ನ ಕಿವಿಯಲ್ಲೇ ಕೂತಿತು. ನಮ್ಮವ್ವ ಯಾರಾದರೂ ಹಸು ಚೆನ್ನಾಗಿದೆ ಅಂದರೆ ಸಾಕು, ಅವರ ಬೆನ್ನು ತಿರುಗುವುದರೊಳಗೆ ಉಪ್ಪು ತರುತ್ತಿದ್ದಳು. ತಲೆ ನಂಬದಿದ್ದರೂ ಕೈ ಸುಮ್ಮನಿರುವುದಿಲ್ಲ.

ಕಾರ್ತೀಕದ ಅಮಾವಾಸ್ಯೆ ಬೆಳಗ್ಗೆ, ಗಂಡ ಸ್ನಾನಕ್ಕೆ ಹೋಗಿದ್ದಾಗ, ಎರಡು ಹಿಡಿ ಕಲ್ಲುಪ್ಪು, ಒಣಮೆಣಸಿನಕಾಯಿ, ಒಂದು ಚೂರು ಪಟಿಕ ಕರಿಬಟ್ಟೆಯಲ್ಲಿ ಗಂಟು ಕಟ್ಟಿದೆ. ಬಂಪರಿನ ಹಿಂದೆ, ಶೆಟ್ಟಿಹಳ್ಳಿಯವನು ತಟ್ಟಿದ ಜಾಗಕ್ಕೇ, ಮೊದಲನೇ ಅಡ್ಡಪಟ್ಟಿಗೆ ತಂತಿ ಸುತ್ತಿ ಬಿಗಿದೆ. ಹೊರಗಿನಿಂದ ಯಾರಿಗೂ ಕಾಣುತ್ತಿರಲಿಲ್ಲ. ಕಾಣಬಾರದು ಅಂತಲೇ ಅಲ್ಲಿ ಕಟ್ಟಿದ್ದು.

ಉಪ್ಪು ಕರಗಿದರೆ ದೃಷ್ಟಿ ಕರಗಿತು ಅಂತ ನಮ್ಮವ್ವನ ಲೆಕ್ಕ. ಹದಿನೈದು ದಿನ ಬಿಟ್ಟು ಕೈ ಹಾಕಿ ನೋಡಿದೆ. ಗಂಟು ಒದ್ದೆಯಾಗಿ, ಅರ್ಧಕ್ಕೆ ಇಳಿದಿತ್ತು. ಅಬ್ಬಾ, ಎಷ್ಟು ಕೆಟ್ಟ ಕಣ್ಣಪ್ಪ ಅವನದು ಅಂದುಕೊಂಡೆ. ಸಂತೋಷವೇ ಆಯಿತು. ಮುಂದಿನ ಅಮಾವಾಸ್ಯೆಗೆ ನೋಡಿದರೆ ಪೂರ್ತಿ ಖಾಲಿ. ಮತ್ತೆ ಎರಡು ಹಿಡಿ ತುಂಬಿ ಕಟ್ಟಿದೆ. ಚಪ್ಪರ ಮೇಲಿನಿಂದ ಬೀಳುವ ಇಬ್ಬನಿಯನ್ನು ತಡೆಯುತ್ತಿತ್ತು, ಆದರೆ ಉಪ್ಪು ಗಾಳಿಯಲ್ಲಿರುವ ಮಂಜನ್ನೇ ಎಳೆದುಕೊಂಡು ನೀರಾಗುತ್ತದೆ. ಅಡುಗೆಮನೆಯಲ್ಲಿ ಜನ್ಮವಿಡೀ ಉಪ್ಪಿನ ಜಾಡಿ ನೋಡಿದವಳಿಗೆ ಇದು ಹೊಳೆಯಲಿಲ್ಲ. ಮಂಜು ಕುಡಿದು ಕರಗಿದ ಉಪ್ಪು ಆಕಾಶಕ್ಕೆ ಹೋಗಲಿಲ್ಲ, ಕಬ್ಬಿಣದ ಮೇಲೇ ಇಳಿಯುತ್ತಿತ್ತು.

ಹಬ್ಬಕ್ಕೆ ಒಂದು ವಾರ ಇರುವಾಗ ಮನೆಯೆಲ್ಲ ಗುಡಿಸಿ ಸಾರಿಸುವ ಕೆಲಸ ನಡೆಯುತ್ತಿತ್ತು. ಲಾರಿಯನ್ನೂ ಒಂದು ಸಲ ಕೊನೆಗೆ ಒರೆಸಿಬಿಡೋಣ ಅಂತ ಚಿಂದಿ ತಗೊಂಡು ಬಂಪರಿನ ಕೆಳಗೆ ಮಲಗಿದೆ. ಒರೆಸಿದ ಚಿಂದಿ ಕೆಂಪಗಾಯಿತು. ಮೊದಲು ಮಣ್ಣು ಅಂದುಕೊಂಡೆ. ಉಗುರಿನಲ್ಲಿ ಕೆರೆದರೆ ಕಪ್ಪು ಬಣ್ಣ ಸುಟ್ಟ ಹಪ್ಪಳದ ಹಾಗೆ ಎದ್ದು ಬಂತು, ಅದರ ಅಡಿಯಲ್ಲಿ ಹುಡಿಹುಡಿ ತುಕ್ಕು. ಅಡ್ಡಪಟ್ಟಿಯ ತುಂಬ ಇತ್ತು. ಅಲ್ಲಿಂದ ಎಡಗಡೆ ತೊಲೆಗೂ ಒಂದು ಗೇಣು ಹರಿದಿತ್ತು. ತುಕ್ಕಿನ ದಾರಿ ಹಿಡಿದು ಮೇಲೆ ನೋಡಿದರೆ ನನ್ನ ಕರಿಗಂಟು, ತುದಿಯಲ್ಲಿ ಒಂದು ಹನಿ ಹಿಡಿದುಕೊಂಡು ನೇತಾಡುತ್ತಿತ್ತು. ನಾಲಿಗೆಗೆ ತಾಗಿಸಿ ನೋಡಿದೆ. ಉಪ್ಪು.

ಗಂಟನ್ನು ಕಿತ್ತು ತಿಪ್ಪೆಗೆ ಎಸೆದು ಬರುವುದಕ್ಕೂ ನನ್ನ ಗಂಡ ಊರುಗೋಲು ಊರಿಕೊಂಡು ಬರುವುದಕ್ಕೂ ಸರಿಹೋಯಿತು.

"ಏನದು ಚಿಂದಿ ಕೆಂಪಗೆ?"

ತೋರಿಸಿದೆ. ಕುರ್ಚಿ ಹಿಡಿದುಕೊಂಡು ಕಷ್ಟಪಟ್ಟು ಬಗ್ಗಿ ನೋಡಿದ.

"ನನ್ನ ಟಾರ್ಪಾಲು ಕಣೇ ಮಾಡಿದ್ದು," ಅಂದ. "ಆ ಮೂರು ದಿನ. ನೀನು ಏಳ್ದೆ, ಬೇಯ್ತಾ ಐತೆ ಅಂತ. ನಾನು ಕೇಳ್ನಿಲ್ಲ."

ಅಲ್ಲ, ನನ್ನ ಉಪ್ಪು ಅಂತ ಆವಾಗಲೇ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಅವನ ನಿಂಬೆಹಣ್ಣಿಗೆ ಇಪ್ಪತ್ತಾರು ವರ್ಷ ನಕ್ಕ ನಗು ಅಡ್ಡ ಬಂತು.

ಅವತ್ತು ಮಧ್ಯಾಹ್ನ ಅವನು ಅರ್ಧ ಮುದ್ದೆ ಬಿಟ್ಟು ಎದ್ದ. ಕೈ ತೊಳೆಯುತ್ತ ಹೇಳಿದ, "ಆ ಗುಜರಿಯೋನ ನಂಬರು ನಿನ್ ಮಗಳತ್ರ ಇರ್ಬೇಕು. ಇಸ್ಕೊಂಡು ಇಟ್ಟಿರು." ಇಷ್ಟೇ. ಆಮೇಲೆ ಜಗಲಿಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ.

ನಾನು ಬಕೆಟ್ಟು ತಗೊಂಡು ಲಾರಿ ಹತ್ತಿರ ಹೋದೆ. ಉಪ್ಪಿನ ತುಕ್ಕನ್ನು ಉಜ್ಜಿದರೆ ಸಾಲದು, ಮೊದಲು ಉಪ್ಪು ಹೋಗಬೇಕು. ಉಪ್ಪಿನಕಾಯಿ ಸೋರಿದ ಕಬ್ಬಿಣದ ಬಾಂಡಲಿಗೆ ಏನು ಮಾಡಬೇಕು ಅಂತ ನನಗೆ ಗೊತ್ತು. ತೊಳೆಯಬೇಕು, ಮತ್ತೆ ತೊಳೆಯಬೇಕು. ಎಂಟು ಬಕೆಟ್ಟು ಒಳ್ಳೇ ನೀರು ಚೊಂಬಿನಲ್ಲಿ ರಾಚಿ ರಾಚಿ ತೊಳೆದೆ. ಸದ್ದು ಕೇಳಿ ಜಗಲಿಯಿಂದ ಎದ್ದು ಬಂದ.

"ತುಕ್ಕಿಗೆ ನೀರು ಉಯ್ತಿದೀಯಲ್ಲೇ! ತಲೆ ಕೆಟ್ಟೈತಾ?"

"ಧೂಳು ಓಗ್ಲಿ ಅಂತ."

"ಧೂಳಿಗೆ ಎಂಟು ಬಕೆಟ್ಟಾ?"

"ಜಾಸ್ತಿ ಧೂಳೈತೆ," ಅಂದೆ. ಇನ್ನೇನು ಹೇಳಲಿ.

ಎರಡು ದಿನ ಬಿಸಿಲಿಗೆ ಚೆನ್ನಾಗಿ ಒಣಗಲು ಬಿಟ್ಟು, ತಂತಿ ಬ್ರಷ್ಷಿನಲ್ಲಿ ಕೆರೆದು, ಎಮ್ರಿ ಪೇಪರಿನಲ್ಲಿ ಕಬ್ಬಿಣ ಬೆಳ್ಳಗೆ ಕಾಣುವವರೆಗೆ ಉಜ್ಜಿದೆ. ತೊಲೆಯ ಮೇಲೆ ಬೇಗ ಬೆಳ್ಳಗಾಯಿತು. ಅಡ್ಡಪಟ್ಟಿ ಆಗಲಿಲ್ಲ. ಉಜ್ಜಿದಷ್ಟೂ ಹುಡಿ ಉದುರುತ್ತಿತ್ತು. ಸೀಮೆಎಣ್ಣೆಯಲ್ಲಿ ಒರೆಸಿ, ತುಕ್ಕು ತಡೆಯುವ ಕೆಂಪು ಬಣ್ಣ, ರೆಡ್ ಆಕ್ಸೈಡ್, ಎರಡು ಸಲ ಬಳಿದೆ. ಕಪ್ಪು ಚಾಸಿಯ ಮೇಲೆ ಒಂದು ಗೇಣು ಕೆಂಪು ಎದ್ದು ಕಾಣುತ್ತಿತ್ತು.

"ಮೇಲೆ ಒಂದಿಷ್ಟು ಗ್ರೀಸು ಸವರಿ ಮಣ್ಣು ಮೆತ್ತು," ಅಂದ ನನ್ನ ಗಂಡ, ನನ್ನ ಕಡೆ ನೋಡದೆ. "ಹಳೇದರ ತರ ಕಾಣ್ಲಿ."

ಇವನ ಬಾಯಲ್ಲಿ ಇಂಥ ಮಾತು ನಾನು ಕೇಳಿದ್ದಿಲ್ಲ. ಮೂಟೆಯಲ್ಲಿ ಎರಡು ಆಲೂಗಡ್ಡೆ ಕೊಳೆತಿದ್ದರೆ ಮಂಡಿಯವನಿಗೆ ಇವನೇ ತೋರಿಸಿ ಕೊಡುತ್ತಿದ್ದ. ಆದರೆ ನನಗೂ ಕೈ ಹೋಯಿತು. ಸುಳ್ಳು ಏಕೆ ಹೇಳಲಿ, ಮಣ್ಣು ಹಿಡಿಯಲ್ಲಿ ತೆಗೆದುಕೊಂಡೂ ಇದ್ದೆ. ಯೋಚನೆ ಮಾಡಿದೆ. ಈ ಲಾರಿ ನೀರು ತುಂಬಿಕೊಂಡು ಲೇಔಟ್ ಲೇಔಟು ತಿರುಗುತ್ತದೆ. ಮುಂದೆ ಸ್ಕೂಟರ್ ಇರುತ್ತದೆ, ಶಾಲೆಗೆ ಹೋಗುವ ಮಕ್ಕಳಿರುತ್ತವೆ.

"ಬ್ಯಾಡ ಕಣಯ್ಯ," ಅಂದೆ. "ನೀರು ಒತ್ಕೊಂಡು ಓಡೋ ಗಾಡಿ. ನಡುರಸ್ತೇಲಿ ಮುರೀತು ಅಂದ್ರೆ ನಿಂಗೂ ನಂಗೂ ನೆಮ್ಮದಿ ಇರ್ತದಾ?"

ಅವನು ಊರುಗೋಲು ಊರಿಕೊಂಡು ಆ ಕಡೆ ತಿರುಗಿದ. ಹೋಗಿ ಹಸುವಿಗೆ ನೀರು ತೋರಿಸಿದ. ನಾನು ಮಣ್ಣು ಕೆಳಗೆ ಹಾಕಿ ಕೈ ಒರೆಸಿಕೊಂಡೆ. ಆದರೂ ಉಪ್ಪಿನ ವಿಚಾರ ಅವತ್ತೂ ಹೇಳಲಿಲ್ಲ.

ಹಬ್ಬ ಬಂತು, ಹೋಯಿತು. ಹಸುವಿಗೆ ಕಿಚ್ಚು ಹಾಯಿಸಿದೆವು. ಮಗಳು ಎಳ್ಳುಬೆಲ್ಲ ಬೀರಿ ಬಂದಳು. ನನ್ನ ಗಂಡ ಒಂದು ಚೂರು ಕಬ್ಬನ್ನು ಬೆಳಗಿಂದ ಸಂಜೆವರೆಗೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದ.

ಮೂರನೇ ದಿನ ಶೆಟ್ಟಿಹಳ್ಳಿಯವನು ಹೇಳಿದ ಹಾಗೆ ಬಂದ. ಜೊತೆಗೆ ಟ್ಯಾಂಕ್ ಮಾಡುವವನನ್ನೂ ಕರೆತಂದಿದ್ದ. ಅವನು ಅರವತ್ತರ ಮೇಲಿನ ಮನುಷ್ಯ, ಜೇಬಿನಲ್ಲಿ ಅಕ್ಕಸಾಲಿಗನದಷ್ಟೇ ಸಣ್ಣ ಸುತ್ತಿಗೆ. ನನ್ನ ಗಂಡ ಒಗೆದ ಅಂಗಿ ಹಾಕಿಕೊಂಡು, ಕುರ್ಚಿಯಲ್ಲಿ ರಸ್ತೆ ಕಡೆ ನೋಡುತ್ತ ಕೂತಿದ್ದ. ಶೆಟ್ಟಿಹಳ್ಳಿಯವನು ಈ ಸಲವೂ ಮೊದಲು ಬಂಪರಿನ ಹಿಂದೆಯೇ ಕೈ ಹಾಕಿದ. ಬಗ್ಗಿ ನೋಡಿದ.

"ಇದೇನ್ ಯಜಮಾನ್ರೇ? ಇಲ್ಲಿ ಹೊಸದಾಗಿ ಬಣ್ಣ ಬಳಿದಿದೀರಾ?"

ನನ್ನ ಗಂಡ ಊರುಗೋಲು ಹಿಡಿದು ಎದ್ದ. "ತುಕ್ಕು ಬಂದಿತ್ತು ಕಣಪ್ಪ. ಅದು ನನ್ನ ತಪ್ಪು. ನಾನು ಟಾರ್ಪಾಲು..."

ಇನ್ನು ಸುಮ್ಮನಿದ್ದರೆ ನಾನು ಮನುಷ್ಯಳಲ್ಲ.

"ಟಾರ್ಪಾಲೂ ಇಲ್ಲ ಗೀರ್ಪಾಲೂ ಇಲ್ಲ," ಅಂದೆ. "ನಾನು ಉಪ್ಪು ಕಟ್ಟಿದ್ದೆ. ನೀನು ಚಾಸಿ ತಟ್ಟಿ ಒಗಳ್ದೆಯಲ್ಲಪ್ಪ, ದೃಷ್ಟಿ ಆಯ್ತದೆ ಅಂತ ಕಲ್ಲುಪ್ಪಿನ ಗಂಟು ಕಟ್ದೆ. ಮಂಜಿಗೆ ಕರಗಿ ಅದರ ಮೇಲೇ ಸುರೀತು. ಕರಗಿದ್ದು ನೋಡಿ ಇನ್ನೊಂದ್ ಸಲ ತುಂಬಿಸ್ದೆ. ತೊಳ್ದು, ಕೆರ್ದು, ಬಳಿದಿದೀನಿ. ನೋಡ್ಕೊಂಡು ತಗೊ, ಇಲ್ಲ ಬಿಡು."

ನನ್ನ ಗಂಡ ನನ್ನನ್ನೇ ನೋಡುತ್ತಿದ್ದ. ನಾನು ಟ್ಯಾಂಕ್ ಮಾಡುವವನ ಸುತ್ತಿಗೆ ನೋಡುತ್ತಿದ್ದೆ.

ಅವನು ಗೋಣಿಚೀಲದ ಮೇಲೆ ಮಲಗಿ ಹಿಂದಿನಿಂದ ಶುರುಮಾಡಿದ. ಒಂದೊಂದು ಗೇಣಿಗೆ ಒಂದೊಂದು ಏಟು. ಟಣ್, ಟಣ್ ಅಂತ ದೇವಸ್ಥಾನದ ಗಂಟೆಯ ಹಾಗೆ ಬರುತ್ತಿತ್ತು. ಬಲಗಡೆ ತೊಲೆ ಮುಗಿಯಿತು. ಎಡಗಡೆ ಬಂದ. ಕೆಂಪು ಬಳಿದ ಜಾಗಕ್ಕೆ ಬಂದು ನಿಲ್ಲಿಸಿ, ಬೆರಳಿನಲ್ಲಿ ಸವರಿ, ಹೊಡೆದ. ಟಣ್. ಇನ್ನೊಂದು ಹೊಡೆದ. ಟಣ್. ಆಮೇಲೆ ಅಡ್ಡಪಟ್ಟಿಗೆ ಹೊಡೆದ. ಡಬ್ ಅಂತು, ಒಡಕು ಮಡಕೆಯ ಹಾಗೆ. ಮತ್ತೆ ಹೊಡೆದ. ಸುತ್ತಿಗೆಯ ಮೂತಿ ಒಳಗೆ ಹೋಯಿತು.

ಎದ್ದು ಬಂದು ಅಂಗಿ ಕೊಡವಿಕೊಂಡ. "ತೊಲೆ ಗಟ್ಟಿ ಇದೆ, ಮೇಲ್ಮೇಲೆ ಕಚ್ಚಿದೆ ಅಷ್ಟೆ. ಅಡ್ಡಪಟ್ಟಿ ಹೋಗಿದೆ. ಅದು ಮೊದ್ಲೇ ಒಳಗಡೆ ಸವೆದಿತ್ತು, ಉಪ್ಪು ಬಂದು ಮುಗಿಸ್ತು. ಹೊಸಾದು ಹಾಕ್ತೀನಿ ಬಿಡಿ, ಟ್ಯಾಂಕ್ ಕೂರಿಸೋಕೆ ಹೆಂಗಿದ್ರೂ ಅಲ್ಲೊಂದು ಪಟ್ಟಿ ಬೇಕು."

"ಅಂದ್ರೆ ತಗೋಬೋದಾ?" ಅಂತ ಶೆಟ್ಟಿಹಳ್ಳಿಯವನು ಕೇಳಿದ.

"ತಗೋ. ನೀನು ನೋಡಿರೋ ಬೇರೆ ಗಾಡಿಗಳಿಗಿಂತ ವಾಸಿ."

"ಮಣ್ಣು ಮೆತ್ತಿದ್ರೆ ಗೊತ್ತಾಗ್ತಿತ್ತಾ?" ಅಂತ ನಾನು ಕೇಳಿಬಿಟ್ಟೆ.

ಅವನು ಸುತ್ತಿಗೆಯನ್ನು ಜೇಬಿಗೆ ಇಳಿಸಿದ. "ಸುತ್ತಿಗೆ ಮಣ್ಣು ನೋಡಲ್ಲ ಅಮ್ಮ."

ಆಗ ನನ್ನ ಗಂಡ ನಗಲು ಶುರುಮಾಡಿದ. ಮೊದಲು ಭುಜ ಅಲುಗಿತು, ಆಮೇಲೆ ಕುರ್ಚಿ ಅಲುಗಿತು. "ಇಪ್ಪತ್ತಾರು ವರ್ಷ! ಇಪ್ಪತ್ತಾರು ವರ್ಷ ನನ್ನ ನಿಂಬೆಅಣ್ಣಿಗೆ ನಗ್ತಿದ್ಲು ಕಣಪ್ಪ ಇವ್ಳು!" ಅಂತ ಬಂದವರಿಗೆಲ್ಲ ಹೇಳಿದ. "ನನ್ನ ನಿಂಬೆಅಣ್ಣು ಯಾವತ್ತಾರ ಕಬ್ಬಿಣ ತಿಂತಾ? ಇವ್ಳು ಒಂದೇ ಸಲ ಕಟ್ಟಿದ್ದು, ಚಾಸೀನೇ ತಿಂದಾಕ್ಬುಟ್ಟಳು!"

"ಎರಡು ಸಲ," ಅಂದೆ.

ಅದಕ್ಕೂ ನಕ್ಕ. ನಗಲಿ ಬಿಡು ಅಂದುಕೊಂಡೆ. ಒಂದು ವಾರದಿಂದ ಗೋಡೆ ನೋಡಿಕೊಂಡು ಮಲಗುತ್ತಿದ್ದವನು.

ಅಳಿಯ ಬ್ಯಾಟರಿ ತಂದು ಕೂರಿಸಿದ. ಮೂರನೇ ಸಲಕ್ಕೆ ಲಾರಿ ಸ್ಟಾರ್ಟ್ ಆಯಿತು. ಕರೀ ಹೊಗೆ ಬಿಟ್ಟು, ಮೈಯೆಲ್ಲ ನಡುಗಿಸಿ, ಆಮೇಲೆ ಒಂದೇ ಸಮ ನಿಂತಿತು. ನನ್ನ ಗಂಡ ಬಾಗಿಲ ಹತ್ತಿರ ನಿಂತು ಶೆಟ್ಟಿಹಳ್ಳಿಯವನಿಗೆ ಹೇಳುತ್ತಿದ್ದ: ಸೆಕೆಂಡ್ ಗೇರ್ ಸ್ವಲ್ಪ ಗಟ್ಟಿ, ಬಲವಂತ ಮಾಡಬೇಡ, ಏರಿನಲ್ಲಿ ಬಿಸಿಯಾಗುತ್ತದೆ, ಟ್ಯಾಂಕಿನಿಂದ ನೀರು ಸೋರಿದರೆ ಕ್ಯಾಬಿನ್ನಿನ ಹಿಂದೆ ಇಳಿಯದ ಹಾಗೆ ನೋಡಿಕೋ. ಇಡೀ ಚಳಿಗಾಲ ಒಂದು ಹನಿ ತಾಗದ ಹಾಗೆ ಕಾದಿದ್ದು, ಇನ್ನು ಸಾಯುವವರೆಗೂ ನೀರು ಹೊರಬೇಕು ಅಂತ ನನಗೆ ಅನಿಸಿತು.

ಹೊರಡುವ ಮೊದಲು ಶೆಟ್ಟಿಹಳ್ಳಿಯವನು ಸೀಟಿನಿಂದ ಇಳಿದು ಬಂದ. ಜೇಬಿನಿಂದ ಒಂದು ಕರಿಬಟ್ಟೆಯ ಗಂಟು ತೆಗೆದ.

"ಅಮ್ಮ ಕೊಟ್ಟು ಕಳಿಸಿದಾರೆ. ಗಾಡಿ ತರೋವಾಗ ಮುಂದ್ಗಡೆ ಕಟ್ಕೊಂಡೇ ಬಾ ಅಂದ್ರು." ನನ್ನ ಮುಖ ನೋಡಿ ತಡವರಿಸಿದ. "ಕಟ್ಟಬೋದಾ?"

"ಕೊಡಿಲ್ಲಿ," ಅಂದೆ.

ಬಿಚ್ಚಿದೆ. ನಿಂಬೆಹಣ್ಣು, ಮೆಣಸಿನಕಾಯಿ, ಒಂದು ಇದ್ದಿಲು, ಒಂದು ಹಿಡಿ ಕಲ್ಲುಪ್ಪು. ನಿಂಬೆಹಣ್ಣು, ಮೆಣಸಿನಕಾಯಿ, ಇದ್ದಿಲನ್ನು ದಾರಕ್ಕೆ ಕಟ್ಟಿ ಅವನ ಕೈಗೆ ಕೊಟ್ಟೆ. ಉಪ್ಪನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

"ನಮ್ಮಮ್ಮ ಕೇಳಿದ್ರೆ ಏನ್ ಹೇಳ್ಲಿ?"

"ರಾಜಾನುಕುಂಟೆ ಮುದುಕಿ ಕಿತ್ಕೊಂಡ್ಲು ಅಂತ ಏಳು."

ಲಾರಿ ಚಪ್ಪಡಿಯಿಂದ ಇಳಿದು, ಲೇಔಟಿನ ರಸ್ತೆಗೆ ತಿರುಗಿ, ಸರ್ಕಲ್ಲಿನ ಹತ್ತಿರ ಒಂದು ಸಲ ಹಾರ್ನ್ ಹೊಡೆದು ಹೋಯಿತು. ನನ್ನ ಗಂಡ ಸದ್ದು ಕೇಳುವಷ್ಟು ಹೊತ್ತೂ ನಿಂತಿದ್ದ. ನಾನು ನಿಲ್ಲಲಿಲ್ಲ, ಒಲೆಯ ಮೇಲೆ ಅವರೆಕಾಳು ಇಟ್ಟು ಬಂದಿದ್ದೆ. ಆ ಉಪ್ಪನ್ನು ಇನ್ನೂ ಯಾರಿಗೂ ನಿವಾಳಿಸಿರಲಿಲ್ಲ, ಒಳ್ಳೇ ಉಪ್ಪು. ಬಿಸಾಡುವುದೇಕೆ ಅಂತ ಸಾರಿಗೆ ಹಾಕಿದೆ.

ನನ್ನ ಗಂಡ ಬಂದು ಕೂತು, ಒಂದು ತುತ್ತು ಅದ್ದಿ ನುಂಗಿ, ಸಾರಿಗೆ ಉಪ್ಪು ಜಾಸ್ತಿಯಾಗಿದೆ ಅಂದ. ಜಾಸ್ತಿಯಾಗಿರಲಿಲ್ಲ. ಇನ್ನೊಂದು ಮುದ್ದೆ ಹಾಕಿಸಿಕೊಂಡು ಉಂಡ.